ಊರು ಚಿಕ್ಕದು, ರನ್‌ವೇ ದೊಡ್ಡದು

ಓದುಗರು ಕೇಳಿದ್ದು, ನಾವು ಹೇಳಿದ್ದು

ಮುಂದಿನ ಸಲ ವಿಮಾನ ನಿಲ್ದಾಣಗಳ ಬಗ್ಗೆ ಏನಾದರೂ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ದುಬೈ, ಸಿಂಗಾಪುರದಂಥ ದೊಡ್ಡ ನಿಲ್ದಾಣಗಳ ಬಗ್ಗೆ ಕೇಳುತ್ತೀರಿ ಅಂದುಕೊಂಡಿದ್ದೆ. ಬಂದ ಪತ್ರಗಳು ನೋಡಿದರೆ ಬೇರೆಯೇ ಕಥೆ. ಮುಕ್ಕಾಲು ಪಾಲು ಜನ ಕೇಳಿರೋದು ಪುಟ್ಟ ನಿಲ್ದಾಣಗಳ ಬಗ್ಗೆ. ಅದೇ, ದಿನಕ್ಕೆ ನಾಲ್ಕೈದು ವಿಮಾನ ಬಂದು ಹೋದರೂ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ 'ಅಂತರರಾಷ್ಟ್ರೀಯ' ಅಂತ ಬರೆಸಿಕೊಂಡಿರುತ್ತವಲ್ಲ, ಅವು. ನನಗೆ ಖುಷಿಯೇ ಆಯ್ತು. ಅಂಥದ್ದೇ ಒಂದು ಕಡೆ ಕೆಲವು ವರ್ಷ ಗ್ರೌಂಡ್ ಡ್ಯೂಟಿ ಮಾಡಿದವನು ನಾನು. ಹಾಗಾಗಿ ಕೆಲವು ಉತ್ತರ ಉದ್ದ ಆಗಿದೆ, ಸಹಿಸಿಕೊಳ್ಳಿ.

ಪ್ರಶ್ನೆ: ಸರ್, ಒಂದು ನಿಲ್ದಾಣಕ್ಕೆ 'ಇಂಟರ್‌ನ್ಯಾಷನಲ್' ಅನ್ನೋ ಪಟ್ಟ ಯಾರು ಕೊಡುತ್ತಾರೆ? ರನ್‌ವೇ ಇಷ್ಟು ಉದ್ದ ಇರಬೇಕು, ವರ್ಷಕ್ಕೆ ಇಷ್ಟು ಜನ ಬರಬೇಕು ಅಂತ ಏನಾದರೂ ಲೆಕ್ಕ ಇದೆಯಾ?

ಉತ್ತರ: ಅಂಥ ಲೆಕ್ಕ ಇಲ್ಲ. ಇದು ಗಾತ್ರದ ಮಾತೇ ಅಲ್ಲ. 1944ರಲ್ಲಿ ಶಿಕಾಗೋದಲ್ಲಿ ದೇಶಗಳೆಲ್ಲ ಸೇರಿ ವಿಮಾನಯಾನದ ಒಪ್ಪಂದ ಮಾಡಿಕೊಂಡವು. ಅದರಿಂದ ಹುಟ್ಟಿದ ಸಂಸ್ಥೆಯೇ ಐಸಿಎಒ, ಅಂದರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ. ಅದರ ನಿಯಮದ ಪ್ರಕಾರ, ವಿದೇಶದಿಂದ ಬರುವ ಮತ್ತು ವಿದೇಶಕ್ಕೆ ಹೋಗುವ ವಿಮಾನಗಳಿಗೆ ಇದು ನಮ್ಮ ದೇಶದ ಬಾಗಿಲು ಅಂತ ಆಯಾ ಸರಕಾರ ಗುರುತಿಸಿದ ನಿಲ್ದಾಣವೇ ಅಂತರರಾಷ್ಟ್ರೀಯ ನಿಲ್ದಾಣ. ಬಾಗಿಲು ಅಂದಮೇಲೆ ಕಾವಲು ಬೇಕಲ್ಲ? ಕಸ್ಟಮ್ಸ್, ಇಮಿಗ್ರೇಷನ್, ಆರೋಗ್ಯ ತಪಾಸಣೆ, ಪ್ರಾಣಿ ಮತ್ತು ಗಿಡಗಳ ಕ್ವಾರಂಟೈನ್, ಇಷ್ಟಕ್ಕೂ ಅಲ್ಲಿ ವ್ಯವಸ್ಥೆ ಇರಬೇಕು. ಅಂದರೆ ನಾಲ್ಕು ಮೇಜು, ಅದರ ಹಿಂದೆ ಸೀಲು ಹಿಡಿದು ಕೂತ ಅಧಿಕಾರಿಗಳು. ಅಷ್ಟಿದ್ದರೆ ಟರ್ಮಿನಲ್ ಮದುವೆ ಹಾಲ್‌ನಷ್ಟೇ ಇದ್ದರೂ ಪರವಾಗಿಲ್ಲ.

ಚಿಕ್ಕ ನಿಲ್ದಾಣಗಳಲ್ಲಿ ಒಂದು ತಮಾಷೆ ನೋಡಬಹುದು. ಒಂದೇ ಹಾಲ್, ಒಂದೇ ಲಗೇಜ್ ಬೆಲ್ಟ್. ಬೆಳಿಗ್ಗೆ ದೇಶದೊಳಗಿನ ವಿಮಾನ ಬಂದಾಗ ಒಂದು ಬಾಗಿಲಿಗೆ ಬೀಗ, ಮಧ್ಯಾಹ್ನ ವಿದೇಶದ್ದು ಬಂದಾಗ ಇನ್ನೊಂದು ಬಾಗಿಲಿಗೆ ಬೀಗ. ಬೀಗದ ಕೈ ಅತ್ತಿಂದಿತ್ತ ಹೋದ ಹಾಗೆ ಅದೇ ನೆಲ ದೇಶದ ಒಳಗೂ ಆಗುತ್ತೆ, ಹೊರಗೂ ಆಗುತ್ತೆ.

ಆದರೆ ಪಟ್ಟ ಸಿಕ್ಕಿದ ಕೂಡಲೇ ವಿದೇಶಿ ವಿಮಾನ ಬಂದು ಇಳಿಯೋದಿಲ್ಲ. ವಾರಕ್ಕೆ ಇಷ್ಟು ವಿಮಾನ, ಈ ಊರಿಂದ ಆ ಊರಿಗೆ ಅಂತ ಎರಡು ದೇಶಗಳ ನಡುವೆ ಒಪ್ಪಂದ ಇರಬೇಕು. ಅದಾದ ಮೇಲೂ ಯಾವುದಾದರೂ ಕಂಪನಿಗೆ ಇಲ್ಲಿ ಸೀಟು ತುಂಬುತ್ತೆ ಅನ್ನೋ ನಂಬಿಕೆ ಬರಬೇಕು. ಬೋರ್ಡು ಬರೆಸೋದು ಸುಲಭ, ಈ ನಂಬಿಕೆ ಹುಟ್ಟಿಸೋದೇ ಕಷ್ಟ.

ಪ್ರಶ್ನೆ: ಐರ್ಲೆಂಡಿನಲ್ಲಿ ಒಬ್ಬ ಪಾದ್ರಿ ಲಾಟರಿ ಟಿಕೆಟ್ ಮಾರಿ ಏರ್‌ಪೋರ್ಟ್ ಕಟ್ಟಿದರಂತೆ. ನನ್ನ ಸ್ನೇಹಿತ ಹೇಳಿದ. ಸುಳ್ಳು ತಾನೇ?

ಉತ್ತರ: ಸ್ನೇಹಿತನಿಗೆ ಕ್ಷಮೆ ಕೇಳಿ. ಪೂರ್ತಿ ಲಾಟರಿಯಿಂದಲ್ಲ, ಆದರೆ ವಿಷಯ ನಿಜ.

ಐರ್ಲೆಂಡಿನ ಪಶ್ಚಿಮಕ್ಕೆ ಮೇಯೊ ಅಂತ ಒಂದು ಕೌಂಟಿ ಇದೆ. ಬಡ ಜಾಗ. ತಲೆಮಾರುಗಳಿಂದ ಅಲ್ಲಿನ ಹುಡುಗರು ಕೆಲಸ ಹುಡುಕಿಕೊಂಡು ಇಂಗ್ಲೆಂಡಿಗೋ ಅಮೆರಿಕಕ್ಕೋ ಹೋಗಿಬಿಡುತ್ತಿದ್ದರು. ಅಲ್ಲಿ ನಾಕ್ ಅನ್ನೋದು ಒಂದು ಹಳ್ಳಿ. 1879ರಲ್ಲಿ ಊರಿನ ಕೆಲವರಿಗೆ ಚರ್ಚಿನ ಗೋಡೆಯ ಬಳಿ ಮೇರಿ ಮಾತೆಯ ದರ್ಶನ ಆಯಿತು ಅಂತ ನಂಬಿಕೆ. ಅಲ್ಲಿಂದ ಅದು ಯಾತ್ರಾಸ್ಥಳ. 1967ರಲ್ಲಿ ಜೇಮ್ಸ್ ಹೋರನ್ ಅನ್ನೋರು ಅಲ್ಲಿನ ಪಾದ್ರಿಯಾದರು. ಆಸಾಮಿ ಸುಮ್ನೆ ಕೂರುವವರಲ್ಲ. ಅದಕ್ಕೂ ಮುಂಚೆ ಟೂರೀನ್ ಅನ್ನೋ ಹಳ್ಳಿಯಲ್ಲಿದ್ದಾಗ ಜನರಿಗಾಗಿ ಡ್ಯಾನ್ಸ್ ಹಾಲ್ ಕಟ್ಟಿಸಿದವರು. ನಾಕ್‌ಗೆ ಬಂದ ಮೇಲೆ ದೊಡ್ಡ ಚರ್ಚ್ ಕಟ್ಟಿಸಿದರು. ದರ್ಶನಕ್ಕೆ ನೂರು ವರ್ಷ ತುಂಬಿದ 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರೇ ಬಂದು ಹೋದರು. ಅದಾದ ಮೇಲೆ ಹೋರನ್ ಅವರಿಗೆ ಅನ್ನಿಸಿತಂತೆ, ಈ ಊರಿಗೆ ಇನ್ನು ಬೇಕಾಗಿರೋದು ವಿಮಾನ ನಿಲ್ದಾಣ.

ಜಾಗ ಸಿಕ್ಕಿದ್ದು ಹಳ್ಳಿಯಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಸಮುದ್ರಮಟ್ಟದಿಂದ 200 ಮೀಟರ್ ಎತ್ತರದ ಒಂದು ಗುಡ್ಡದ ಮೇಲೆ. ಮೇಲೆಲ್ಲ ಜೌಗು ಮಣ್ಣು. ವರ್ಷದ ಎಷ್ಟೋ ದಿನ ಮಂಜು. ರಾಜಧಾನಿ ಡಬ್ಲಿನ್‌ನಲ್ಲಿ ಕೂತವರು ನಕ್ಕರು. 'ಮಂಜಿನ ಗುಡ್ಡ, ಕೆಸರಿನ ಗುಡ್ಡ' ಅನ್ನೋ ಲೇವಡಿ ಆಗ ಎಲ್ಲರ ಬಾಯಲ್ಲೂ ಇತ್ತು. ಆದರೂ ಆಗಿನ ಪ್ರಧಾನಿ ಚಾರ್ಲ್ಸ್ ಹಾಗಿ ಅವರ ಸರಕಾರ ಒಪ್ಪಿತು, ಕಾಲಕ್ರಮೇಣ ಸುಮಾರು 1 ಕೋಟಿ ಐರಿಷ್ ಪೌಂಡ್ ಬಂತು. 1981ರಲ್ಲಿ ಬುಲ್ಡೋಜರ್‌ಗಳು ಗುಡ್ಡ ಹತ್ತಿದವು. ಟಿವಿಯವರು ಹೋಗಿ ಏನು ಮಾಡ್ತಿದ್ದೀರಿ ಅಂತ ಕೇಳಿದರೆ, ಏರ್‌ಪೋರ್ಟ್ ಕಟ್ತಿದ್ದೀವಿ, ದುಡ್ಡು ಇನ್ನೂ ಇಲ್ಲ, ಮುಂದಿನ ವಾರವೋ ಅದರ ಮುಂದಿನ ವಾರವೋ ಬರಬಹುದು ಅನ್ನೋ ಅರ್ಥದಲ್ಲಿ ಪಾದ್ರಿ ತಣ್ಣಗೆ ಉತ್ತರ ಕೊಟ್ಟರು. ಈಗಲೂ ಐರ್ಲೆಂಡಿನ ಜನ ಆ ತುಣುಕು ನೆನೆಸಿಕೊಂಡು ನಗುತ್ತಾರೆ.

ಆಮೇಲೆ ಸರಕಾರ ಬದಲಾಯಿತು. ಹೊಸಬರು, ಇನ್ನು ಒಂದು ಪೈಸೆಯೂ ಇಲ್ಲ ಅಂದುಬಿಟ್ಟರು. ಅರ್ಧ ಆದ ಕೆಲಸ, ಎಪ್ಪತ್ತು ದಾಟಿದ ಪಾದ್ರಿ. ಅವರು ಊರೂರು, ದೇಶದೇಶ ತಿರುಗಿ ಚಂದಾ ಎತ್ತಿದರು. ನಿಮ್ಮ ಸ್ನೇಹಿತ ಹೇಳಿದ ಲಾಟರಿ ಬಂದದ್ದು ಇಲ್ಲೇ. 'ಜಂಬೋ ಡ್ರಾ' ಅಂತ ಹೆಸರಿಟ್ಟು ಟಿಕೆಟ್ ಮಾರಿದರು. ಹೊರದೇಶಕ್ಕೆ ಹೋಗಿ ನೆಲೆಸಿದ್ದ ಐರಿಷ್ ಜನರೂ ಕೈ ಎತ್ತಿ ಕೊಟ್ಟರು. 1985ರ ಅಕ್ಟೋಬರ್ 25ರಂದು ಮೊದಲ ಮೂರು ವಿಮಾನ ಯಾತ್ರಿಕರನ್ನು ತುಂಬಿಕೊಂಡು ರೋಮ್‌ಗೆ ಹಾರಿದವು. 1986ರ ಮೇ 30ರಂದು ಅಧಿಕೃತ ಉದ್ಘಾಟನೆ. ರಿಬ್ಬನ್ ಕತ್ತರಿಸಲು ಹೋರನ್ ಕರೆದದ್ದು ಅಧಿಕಾರದಲ್ಲಿದ್ದವರನ್ನಲ್ಲ, ಆಗ ವಿರೋಧ ಪಕ್ಷದಲ್ಲಿ ಕೂತಿದ್ದ ಹಾಗಿ ಅವರನ್ನು. ಪಾದ್ರಿಗಳಿಗೂ ನೆನಪಿನ ಶಕ್ತಿ ಚೆನ್ನಾಗಿರುತ್ತೆ ಅಲ್ವಾ?

ಪ್ರಶ್ನೆ: ಕಟ್ಟಿದ್ದೇನೋ ಸರಿ. ಈಗಲೂ ನಡೀತಿದೆಯಾ, ಇಲ್ಲಾ ಹುಲ್ಲು ಬೆಳೆದಿದೆಯಾ?

ಉತ್ತರ: ನಡೀತಿದೆ, ಚೆನ್ನಾಗಿಯೇ ನಡೀತಿದೆ. ಈಗಿನ ಹೆಸರು ಐರ್ಲೆಂಡ್ ವೆಸ್ಟ್ ಏರ್‌ಪೋರ್ಟ್ ನಾಕ್. ವರ್ಷಕ್ಕೆ 8 ಲಕ್ಷಕ್ಕೂ ಜಾಸ್ತಿ ಪ್ರಯಾಣಿಕರು. ಹುಲ್ಲು ಬೆಳೆದದ್ದು ಪಕ್ಕದ ಊರುಗಳಲ್ಲಿ. ಮೇಯೊಗಿಂತ ದೊಡ್ಡ ಹೆಸರಿರುವ ಗಾಲ್ವೆ ನಗರಕ್ಕೂ ಒಂದು ನಿಲ್ದಾಣ ಇತ್ತು, ಸ್ಲೈಗೋಗೂ ಇತ್ತು. 2011ರಲ್ಲಿ ಎರಡರಲ್ಲೂ ಪ್ರಯಾಣಿಕರ ವಿಮಾನ ನಿಂತುಹೋಯಿತು. ವಾಟರ್‌ಫೋರ್ಡಿನಲ್ಲಿ 2016ರಲ್ಲಿ ನಿಂತಿತು.

ಕಾರಣ ಏನು ಅಂತೀರಾ? ನನ್ನ ಪ್ರಕಾರ ಮುಖ್ಯ ಕಾರಣ ಒಂದೇ, ರನ್‌ವೇ. ಗಾಲ್ವೆಯ ರನ್‌ವೇ 1,300 ಮೀಟರ್ ಕೂಡ ಇರಲಿಲ್ಲ. ಅಷ್ಟರಲ್ಲಿ ಫ್ಯಾನ್ ತಿರುಗುವ ಚಿಕ್ಕ ಟರ್ಬೊಪ್ರಾಪ್ ವಿಮಾನ ಇಳಿಯಬಹುದು. ನೂರೆಂಬತ್ತು ಸೀಟಿನ ಜೆಟ್ ಇಳಿಯೋದಿಲ್ಲ. ಹಾಗಾಗಿ ಗಾಲ್ವೆ, ಸ್ಲೈಗೋ ಬದುಕಿದ್ದದ್ದು ಬಹುಮಟ್ಟಿಗೆ ಡಬ್ಲಿನ್‌ಗೆ ಹೋಗುವ ಚಿಕ್ಕ ವಿಮಾನಗಳ ಮೇಲೆ, ಸರಕಾರ ಕೊಡುವ ಸಬ್ಸಿಡಿಯ ಮೇಲೆ. ಹೆದ್ದಾರಿ ಒಳ್ಳೆಯದಾಯಿತು, ಕಾರಿನಲ್ಲಿ ಡಬ್ಲಿನ್ ಹತ್ತಿರವಾಯಿತು. 2011ರಲ್ಲಿ ಸರಕಾರ ಈ ಹಾದಿಗಳ ಸಬ್ಸಿಡಿ ನಿಲ್ಲಿಸಿತು. ಅಲ್ಲಿಗೆ ಮುಗಿಯಿತು. ನಾಕ್‌ನಿಂದ ಡಬ್ಲಿನ್‌ಗೆ ಹೋಗುತ್ತಿದ್ದ ವಿಮಾನವೂ ಹೋಯಿತು. ಆದರೆ ನಾಕ್‌ಗೆ ಅದೇ ಜೀವನಾಧಾರ ಆಗಿರಲಿಲ್ಲ. ಅದರ ರನ್‌ವೇ 2,300 ಮೀಟರ್. ಕಟ್ಟುವಾಗ ಎಲ್ಲರೂ ನಕ್ಕದ್ದು ಇದಕ್ಕೂ, ಈ ಹಳ್ಳಿಗೆ ಇಷ್ಟು ಉದ್ದದ್ದು ಯಾಕೆ ಅಂತ. ಕಡಿಮೆ ದರದ ವಿಮಾನ ಕಂಪನಿಗಳ ಕಾಲ ಬಂದಾಗ ಅವರ ಬೋಯಿಂಗ್ 737 ಸಲೀಸಾಗಿ ಇಳಿಯುವ ಜಾಗ ಆ ಸುತ್ತಿನಲ್ಲಿ ಇದೊಂದೇ ಆಗಿತ್ತು. ಅಂಥ ಕಂಪನಿಗಳಲ್ಲೊಂದಾದ ರಯಾನ್‌ಏರ್ 1980ರ ದಶಕದಲ್ಲೇ ಲಂಡನ್ನಿನ ಲೂಟನ್‌ನಿಂದ ಅಲ್ಲಿಗೆ ಹಾರತೊಡಗಿತ್ತು. ತುಂಬುತ್ತಿದ್ದವರು ಯಾರು? ಹಿಂದೆ ಊರು ಬಿಟ್ಟು ಹೋಗಿದ್ದ ಅದೇ ಜನ, ಅವರ ಮಕ್ಕಳು, ಹಬ್ಬಕ್ಕೂ ಮದುವೆಗೂ ಸಾವಿಗೂ ಊರಿಗೆ ಬಂದು ಹೋಗುವವರು. ಯಾತ್ರಿಕರಿಗೆ ಅಂತ ಕಟ್ಟಿದ್ದು ವಲಸಿಗರಿಂದ ಉಳಿಯಿತು.

ಪ್ರಶ್ನೆ: ಅಣ್ಣಾ, ದಿನಕ್ಕೆ ನಾಲ್ಕು ವಿಮಾನ ಬಂದರೆ ಮಿಕ್ಕ ಹೊತ್ತು ಅಲ್ಲಿನ ಸಿಬ್ಬಂದಿ ಏನು ಮಾಡ್ತಾರೆ? ನಿದ್ದೆನಾ?

ಉತ್ತರ: ಈ ಪ್ರಶ್ನೆ ನಮ್ಮ ಮನೆಯಲ್ಲೂ ಕೇಳುತ್ತಿದ್ದರು ತಮ್ಮಾ.

ಬೆಳಿಗ್ಗೆ ಮೊದಲ ವಿಮಾನ ಬರುವುದಕ್ಕೆ ಎಷ್ಟೋ ಮುಂಚೆ, ಇನ್ನೂ ಕತ್ತಲಿರುವಾಗಲೇ ಒಂದು ಜೀಪು ರನ್‌ವೇಗೆ ಇಳಿಯುತ್ತೆ. ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೋಗುತ್ತೆ, ತಿರುಗಿ ಬರುತ್ತೆ. ಎಲ್ಲ ದೀಪ ಉರೀತಿದೆಯಾ, ಟಾರು ಎದ್ದಿದೆಯಾ, ನೀರು ನಿಂತಿದೆಯಾ, ಬೇಲಿ ಹರಿದಿದೆಯಾ, ನಾಯಿ ನರಿ ಏನಾದರೂ ನುಗ್ಗಿದೆಯಾ ಅಂತ ನೋಡಬೇಕು. ಇದೆಲ್ಲಕ್ಕಿಂತ ಮುಖ್ಯ, ನೆಲದ ಮೇಲೆ ಬಿದ್ದಿರುವ ಚೂರು ಚಾರು. ಕಲ್ಲು, ತಂತಿ, ನಟ್ಟು, ಸೂಟ್‌ಕೇಸಿನ ಚಕ್ರ. ಒಂದು ಸಲ ನನ್ನ ಟಾರ್ಚ್ ಬೆಳಕಿಗೆ ಬೆರಳುದ್ದದ ಬೋಲ್ಟ್ ಮಿಂಚಿತು. ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರೆ ತಣ್ಣಗೆ, ಒಂದು ಕಡೆ ತುಕ್ಕು. ನಮ್ಮ ಸೂಪರ್‌ವೈಸರ್ ಅದನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಸಿಕ್ಕಿದ ಜಾಗ, ಗಂಟೆ, ನಿಮಿಷ ಎಲ್ಲ ಬರೆಸಿಕೊಂಡರು. ಇಷ್ಟಕ್ಕೆ ಇಷ್ಟೊಂದಾ ಅಂತ ನಗು ಬಂದಿತ್ತು. ಅವರು ಒಂದೇ ಮಾತು ಹೇಳಿದರು, ಕಾನ್‌ಕಾರ್ಡ್. 2000ನೇ ಇಸವಿ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಕಾನ್‌ಕಾರ್ಡ್ ವಿಮಾನ ಬಿದ್ದು 113 ಜನ ಸತ್ತರಲ್ಲ, ಅದರ ಮೂಲ, ಮುಂಚೆ ಹಾರಿದ್ದ ಬೇರೊಂದು ವಿಮಾನದಿಂದ ಉದುರಿ ರನ್‌ವೇ ಮೇಲೆ ಬಿದ್ದಿದ್ದ ಲೋಹದ ಪಟ್ಟಿ. ಉದ್ದ 43 ಸೆಂಟಿಮೀಟರ್ ಅಷ್ಟೇ. ಅದು ಟೈರ್ ಸೀಳಿತು, ಟೈರಿನ ತುಂಡು ಇಂಧನದ ಟ್ಯಾಂಕಿಗೆ ಬಡಿಯಿತು. ಮತ್ತೆ ನಾನು ನಗಲಿಲ್ಲ.

ಆಮೇಲೆ ವಿಮಾನ ಬಂತು ಅನ್ನಿ. ಕಡಿಮೆ ದರದ ಕಂಪನಿ ಆದರೆ ಬಂದ 25 ನಿಮಿಷಕ್ಕೆ ವಾಪಸ್ ಹೊರಡಬೇಕು, ಅವರ ಲಾಭ ಇರೋದೇ ಅದರಲ್ಲಿ. ಚಕ್ರಕ್ಕೆ ಅಡ್ಡಗಟ್ಟೆ ಇಡಬೇಕು, ಮೆಟ್ಟಿಲು ತಳ್ಳಿಕೊಂಡು ಹೋಗಬೇಕು, ಕರೆಂಟ್ ಕೊಡಬೇಕು, ಬಂದ ಲಗೇಜ್ ಇಳಿಸಿ ಹೋಗುವ ಲಗೇಜ್ ಏರಿಸಬೇಕು, ಇಂಧನದ ಟ್ಯಾಂಕರ್ ಬರಬೇಕು, ಅಷ್ಟರಲ್ಲಿ ಗಾಲಿಕುರ್ಚಿಯ ಅಜ್ಜಿಯೊಬ್ಬರನ್ನು ಅವಸರ ತೋರಿಸದೆ ಇಳಿಸಬೇಕು. ದೊಡ್ಡ ನಿಲ್ದಾಣದಲ್ಲಿ ಒಂದೊಂದಕ್ಕೂ ಒಂದೊಂದು ತಂಡ. ಚಿಕ್ಕದರಲ್ಲಿ ಚೆಕ್-ಇನ್ ಕೌಂಟರಿನಲ್ಲಿ ನಿಮ್ಮ ಪಾಸ್‌ಪೋರ್ಟ್ ನೋಡಿದ ಹುಡುಗಿಯೇ ಅರ್ಧ ಗಂಟೆ ಬಿಟ್ಟು ಗೇಟಿನಲ್ಲಿ ಬೋರ್ಡಿಂಗ್ ಪಾಸ್ ಹರಿದುಕೊಡುತ್ತಾಳೆ. ಅವಳ ತಂಗಿ ಇರಬೇಕು ಅಂದುಕೊಂಡವರೂ ಇದ್ದಾರೆ.

ಎರಡು ವಿಮಾನದ ನಡುವೆ ಹಕ್ಕಿ ಓಡಿಸೋದು, ಹುಲ್ಲು ಕತ್ತರಿಸೋದು, ತರಬೇತಿ, ಅಣಕು ಕಾರ್ಯಾಚರಣೆ, ರಾಶಿ ರಾಶಿ ಪೇಪರ್ ಕೆಲಸ. ಹುಲ್ಲಿನದೂ ಒಂದು ಶಾಸ್ತ್ರವೇ. ತೀರಾ ಗಿಡ್ಡ ಕತ್ತರಿಸಿದರೆ ಹುಳ ಹೆಕ್ಕಲು ಹಕ್ಕಿ ಬರುತ್ತವೆ, ತೀರಾ ಉದ್ದ ಬಿಟ್ಟರೆ ಇಲಿ ಸೇರಿಕೊಳ್ಳುತ್ತವೆ, ಇಲಿ ಹಿಂದೆ ಹದ್ದು. ನಿದ್ದೆಗೆ ಸಮಯ ಸಿಗಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ನೀವಂದುಕೊಂಡಷ್ಟು ಸಿಗಲ್ಲ.

ಪ್ರಶ್ನೆ: ಇಷ್ಟು ಸಣ್ಣ ನಿಲ್ದಾಣಕ್ಕೆ ಅಷ್ಟು ದೊಡ್ಡ ಅಗ್ನಿಶಾಮಕ ವಾಹನ ಯಾಕೆ? ನಾನು ನೋಡಿದಾಗಲೆಲ್ಲ ಸುಮ್ನೆ ನಿಂತಿರುತ್ತೆ.

ಉತ್ತರ: ಸುಮ್ನೆ ನಿಂತಿದೆ ಅಂದರೆ ಎಲ್ಲ ಸರಿ ಇದೆ ಅಂತ ಅರ್ಥ. ಅಗ್ನಿಶಾಮಕ ದಳದ ಲೆಕ್ಕ ನಿಲ್ದಾಣದ ಗಾತ್ರ ನೋಡಿ ಹಾಕೋದಲ್ಲ, ಬರುವ ವಿಮಾನದ ಉದ್ದ ಅಗಲ ನೋಡಿ. 1ರಿಂದ 10ರವರೆಗೆ ದರ್ಜೆ ಇದೆ. ಏರ್‌ಬಸ್ ಎ320 ಸುಮಾರು 37.6 ಮೀಟರ್ ಉದ್ದ, ಅದು 6ನೇ ದರ್ಜೆ. ಬೋಯಿಂಗ್ 737-800 ಸುಮಾರು 39.5 ಮೀಟರ್. 39 ಮುಟ್ಟಿದರೆ 7ನೇ ದರ್ಜೆ ಶುರು. ಅರ್ಧ ಮೀಟರ್ ಹೆಚ್ಚಾದದ್ದಕ್ಕೆ ದರ್ಜೆಯೇ ಬದಲು! ಮಾಮೂಲಿ ಬಳಸುವ ನೊರೆಯ ಲೆಕ್ಕದಲ್ಲಿ 6ಕ್ಕೆ 7,900 ಲೀಟರ್ ನೀರು ಸಾಕು, 7ಕ್ಕೆ 12,100 ಲೀಟರ್ ಬೇಕು. ಎರಡಕ್ಕೂ ಕನಿಷ್ಠ ಎರಡು ವಾಹನ. ಕರೆ ಬಂದ ಮೂರು ನಿಮಿಷದೊಳಗೆ ರನ್‌ವೇಯ ಯಾವ ಮೂಲೆಗಾದರೂ ತಲುಪಿ ನೊರೆ ಚಿಮ್ಮಿಸಬೇಕು, ಗುರಿ ಎರಡೇ ನಿಮಿಷ. ಅಷ್ಟು ದೊಡ್ಡ ವಿಮಾನ ಅಪರೂಪಕ್ಕೆ ಬರುವುದಾದರೆ, ಅಂದರೆ ವರ್ಷದ ಅತಿ ಬಿಡುವಿಲ್ಲದ ಮೂರು ತಿಂಗಳಲ್ಲಿ ಅಂಥವುಗಳ ಏರು-ಇಳಿತ 700 ಮುಟ್ಟದಿದ್ದರೆ, ಒಂದು ದರ್ಜೆ ರಿಯಾಯಿತಿ ಇದೆ. ಅಷ್ಟೇ.

ಇಲ್ಲೇ ಚಿಕ್ಕ ನಿಲ್ದಾಣದ ಹೊಟ್ಟೆನೋವು ಇರೋದು. ದಿನಕ್ಕೆ ಎರಡು 737 ಬಂದರೂ ಇಪ್ಪತ್ತು ಬಂದರೂ ಎರಡು ಗಾಡಿ ಬೇಕು, ಪಾಳಿಯ ತುಂಬ ಜನ ಬೇಕು. ಸೆಕ್ಯುರಿಟಿ ಸ್ಕ್ಯಾನರ್ ಬೇಕು, ಟವರ್ ಬೇಕು, ರನ್‌ವೇ ದೀಪ ಉರಿಯಬೇಕು. ಖರ್ಚು ಅಷ್ಟೇ, ಹಂಚಿಕೊಳ್ಳಲು ಟಿಕೆಟ್‌ಗಳು ಮಾತ್ರ ಕಡಿಮೆ. ವಿಮಾನ ಕಂಪನಿಯ ಹತ್ತಿರ ಶುಲ್ಕ ಜಾಸ್ತಿ ಕೇಳೋಣ ಅಂದರೆ ಅವರು ಪಕ್ಕದ ಊರಿಗೆ ಹೋಗುತ್ತೇವೆ ಅಂತಾರೆ. ಅದಕ್ಕೇ ಪಾರ್ಕಿಂಗ್, ಅಂಗಡಿ ಬಾಡಿಗೆ, ಜಾಹೀರಾತು ಅಂತ ಎಲ್ಲ ಕಡೆ ಕೈ ಚಾಚೋದು.

ಪ್ರಶ್ನೆ: ನಮ್ಮ ವಿಮಾನ ಇನ್ನೇನು ಇಳಿಯಿತು ಅನ್ನುವಷ್ಟರಲ್ಲಿ ಜೋರಾಗಿ ಸದ್ದು ಮಾಡಿ ಮತ್ತೆ ಮೇಲಕ್ಕೆ ಹೋಯಿತು. ಮಂಜಂತೆ. ನೆಲ ಕಾಣ್ತಾ ಇತ್ತು ಸರ್, ನಾನೇ ನೋಡಿದೆ! ಇಳಿಸಬಹುದಿತ್ತಲ್ಲ?

ಉತ್ತರ: ನೀವು ಕಿಟಕಿಯಿಂದ ಕೆಳಗೆ ನೋಡಿದಿರಿ. ಪೈಲಟ್ ಮುಂದೆ ನೋಡಬೇಕು, ಓರೆಯಾಗಿ, ಮಂಜಿನ ಪದರದ ಉದ್ದಕ್ಕೂ. ನೇರ ಕೆಳಗೆ ಮರ ಕಾಣುವಾಗಲೂ ಮುಂದೆ ಬರೀ ಹಾಲು ಚೆಲ್ಲಿದ ಹಾಗೆ ಇರಬಹುದು.

ರನ್‌ವೇಗೆ ದಾರಿ ತೋರಿಸುವ ರೇಡಿಯೋ ಸಾಧನಕ್ಕೆ ಐಎಲ್‌ಎಸ್ ಅಂತಾರೆ. ಸಾಮಾನ್ಯವಾಗಿ ಚಿಕ್ಕ ನಿಲ್ದಾಣಗಳಲ್ಲಿ ಇರುವುದು ಅದರ ಮೊದಲ ದರ್ಜೆಯದು. ಅದನ್ನು ನಂಬಿಕೊಂಡು 200 ಅಡಿಯವರೆಗೆ ಇಳಿಯಬಹುದು. ಅಷ್ಟರಲ್ಲಿ ರನ್‌ವೇಯೋ ಅದರ ದೀಪಗಳೋ ಕಣ್ಣಿಗೆ ಬೀಳಬೇಕು. ಬೀಳಲಿಲ್ಲವಾ, ಎರಡನೇ ಯೋಚನೆ ಇಲ್ಲ, ಮೇಲಕ್ಕೆ. ಇಳಿಯಲು ಶುರು ಮಾಡುವ ಮುಂಚೆಯೇ ರನ್‌ವೇ ಮೇಲೆ ಸಾಮಾನ್ಯವಾಗಿ 550 ಮೀಟರ್ ದೂರ ಕಾಣುತ್ತಿದೆ ಅಂತ ವರದಿ ಬಂದಿರಬೇಕು. ದೊಡ್ಡ ನಿಲ್ದಾಣಗಳಲ್ಲಿ ಇನ್ನೂ ಮೇಲಿನ ದರ್ಜೆಯ ಸಾಧನ ಇರುತ್ತೆ, ಇನ್ನೂ ಕೆಳಗೆ ಬರಬಹುದು. ಅದಕ್ಕೆ ತಕ್ಕ ದೀಪ, ಜನರೇಟರ್, ತರಬೇತಿ ಎಲ್ಲ ಸೇರಿ ಖರ್ಚು ಬಹಳ. ವರ್ಷಕ್ಕೆ ಕೆಲವೇ ದಿನದ ಮಂಜಿಗೆ ಅಷ್ಟು ಹಾಕಬೇಕಾ ಅಂತ ಆಡಳಿತದವರು ಲೆಕ್ಕ ಹಾಕುತ್ತಾರೆ.

ಮೇಲೆ ಹೋದ ವಿಮಾನ ಬೇರೆ ಊರಲ್ಲಿ ಇಳಿದರೆ ನೀವು ಬೈಯುವುದು ಕೌಂಟರಿನಲ್ಲಿ ನಿಂತ ಹುಡುಗನಿಗೆ. ಆ ಹುಡುಗ ನಾನಾಗಿದ್ದೆ ಒಂದು ಕಾಲದಲ್ಲಿ. ಮಂಜು ಇಳಿಸಿದ್ದು ನಾನಲ್ಲ ಅಂತ ಹೇಳಬೇಕು ಅನ್ನಿಸುತ್ತಿತ್ತು, ಹೇಳುವ ಹಾಗಿರಲಿಲ್ಲ.

ಪ್ರಶ್ನೆ: ಫ್ರಾಂಕ್‌ಫರ್ಟ್ ಅಂತ ಟಿಕೆಟ್ ತಗೊಂಡೆ. ಇಳಿದ ಮೇಲೆ ಫ್ರಾಂಕ್‌ಫರ್ಟ್ ಇನ್ನೂ 120 ಕಿ.ಮೀ. ಅಂದರು. ಇದು ಮೋಸ ಅಲ್ವಾ?

ಉತ್ತರ: ನೀವು ಇಳಿದದ್ದು ಫ್ರಾಂಕ್‌ಫರ್ಟ್-ಹಾನ್. ಆ ಅಡ್ಡಗೆರೆಯ ಆಚೆಗಿನ ಸಣ್ಣ ಹೆಸರನ್ನು ಓದಬೇಕಿತ್ತು. ಅದು ಅಮೆರಿಕದ ವಾಯುಪಡೆಯ ನೆಲೆಯಾಗಿತ್ತು. ಶೀತಲ ಸಮರ ಮುಗಿದು 1993ರಲ್ಲಿ ಅವರು ಹೋದ ಮೇಲೆ ಉದ್ದದ ರನ್‌ವೇ ಉಳಿಯಿತು, ಸುತ್ತಮುತ್ತ ಕೆಲಸ ಕಳೆದುಕೊಂಡ ಜನ ಉಳಿದರು. 1999ರಲ್ಲಿ ರಯಾನ್‌ಏರ್ ಬಂತು. ದೊಡ್ಡ ಊರಿನ ಹೆಸರು ಸೇರಿಸದಿದ್ದರೆ ಹಾನ್ ಅಂದರೆ ಯಾರಿಗೆ ಗೊತ್ತು? ಇಷ್ಟಾದರೂ 2021ರ ಅಕ್ಟೋಬರ್‌ನಲ್ಲಿ ಅದನ್ನು ನಡೆಸುತ್ತಿದ್ದ ಕಂಪನಿ ದಿವಾಳಿ ಅರ್ಜಿ ಹಾಕಿತು. ನಿಮಗಾದದ್ದು ಬಸ್ ಟಿಕೆಟ್ಟಿನ ನಷ್ಟ ಅಷ್ಟೇ.

ಪ್ರಶ್ನೆ: ಡ್ಯೂಟಿ ಫ್ರೀ ಅಂಗಡಿ ಮೊದಲು ಶುರುವಾದದ್ದು ಎಲ್ಲಿ? ನ್ಯೂಯಾರ್ಕಾ, ಲಂಡನ್ನಾ?

ಉತ್ತರ: ಎರಡೂ ಅಲ್ಲ. ಐರ್ಲೆಂಡಿನ ಶಾನನ್, 1947ರಲ್ಲಿ. ಆಗಿನ ವಿಮಾನಗಳಿಗೆ ಅಟ್ಲಾಂಟಿಕ್ ಸಾಗರವನ್ನು ಒಂದೇ ಉಸಿರಿಗೆ ದಾಟುವ ತಾಕತ್ತು ಇರಲಿಲ್ಲ. ಸಾಗರದ ಈ ಅಂಚಿನ ಶಾನನ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಿತ್ತು. ಪ್ರಯಾಣಿಕರು ಕೆಳಗಿಳಿದು ಓಡಾಡುತ್ತಾರೆ, ಕೈಯಲ್ಲಿ ದುಡ್ಡಿದೆ, ಮಾಡಲು ಕೆಲಸ ಇಲ್ಲ. ಅವರು ಇನ್ನೂ ದೇಶದೊಳಗೆ ಕಾಲಿಟ್ಟಿಲ್ಲ ಅಂದಮೇಲೆ ತೆರಿಗೆ ಯಾಕೆ ಅಂತ ಅಲ್ಲಿ ಊಟ-ತಿಂಡಿಯ ಉಸ್ತುವಾರಿ ನೋಡುತ್ತಿದ್ದ ಬ್ರೆಂಡನ್ ಓ'ರೀಗನ್ ಅನ್ನೋರಿಗೆ ಹೊಳೆಯಿತು. ಸರಕಾರ ಅದಕ್ಕೆ ಕಾನೂನನ್ನೇ ಮಾಡಿತು. ಜೆಟ್‌ಗಳು ಬಂದು ಶಾನನ್‌ನಲ್ಲಿ ಇಳಿಯುವ ಅಗತ್ಯವೇ ತಪ್ಪುತ್ತೆ ಅನ್ನಿಸಿದಾಗ, 1959ರಲ್ಲಿ ನಿಲ್ದಾಣದ ಪಕ್ಕದಲ್ಲೇ ತೆರಿಗೆ ವಿನಾಯಿತಿಯ ಕೈಗಾರಿಕಾ ವಲಯ ಶುರುಮಾಡಿದರು. ವಿಮಾನ ಬರದಿದ್ದರೆ ಏನು ಅಂತ ವಿಮಾನ ಬರುತ್ತಿರುವಾಗಲೇ ಯೋಚಿಸಿದ್ದು ಅವರ ಜಾಣತನ.

ಪ್ರಶ್ನೆ: ಮೊದಲು ನಿಲ್ದಾಣ ಕಟ್ಟಿದರೆ ವಿಮಾನ ತಾನಾಗೇ ಬರುತ್ತೆ ಅಂತಾರಲ್ಲ, ನಿಮ್ಮ ಅಭಿಪ್ರಾಯ?

ಉತ್ತರ: ನಾಕ್ ಕಥೆ ಕೇಳಿದವರೆಲ್ಲ ಹೀಗೇ ಹೇಳೋದು. ಇನ್ನೆರಡು ಕಥೆ ಕೇಳಿ.

ಸ್ಪೇನಿನ ಸಿಯುದಾದ್ ರಿಯಾಲ್. ಮ್ಯಾಡ್ರಿಡ್‌ನಿಂದ ದಕ್ಷಿಣಕ್ಕೆ ಸುಮಾರು 200 ಕಿ.ಮೀ. ಮ್ಯಾಡ್ರಿಡ್‌ನಲ್ಲಿ ಜಾಗ ಸಾಲದೆ ಜನ ಇಲ್ಲಿಗೆ ಬರುತ್ತಾರೆ ಅನ್ನೋ ಲೆಕ್ಕ. 1 ಬಿಲಿಯನ್ ಯೂರೋಗಿಂತ ಜಾಸ್ತಿ ಸುರಿದು, 4 ಕಿ.ಮೀ. ರನ್‌ವೇ ಹಾಕಿ 2008ರ ಕೊನೆಗೆ ತೆರೆದರು. ಮುಹೂರ್ತ ನೋಡಿ, ಪ್ರಪಂಚದ ಬ್ಯಾಂಕುಗಳು ಮಗುಚಿಕೊಳ್ಳುತ್ತಿದ್ದ ವರ್ಷ. ಮ್ಯಾಡ್ರಿಡ್‌ನಲ್ಲೂ ಆಗ ತಾನೇ ಹೊಸ ಟರ್ಮಿನಲ್ ಎದ್ದಿತ್ತು. 2012ರಲ್ಲಿ ಬಾಗಿಲು ಹಾಕಿತು. 2015ರ ಹರಾಜಿನಲ್ಲಿ ಒಬ್ಬರು ಕೂಗಿದ ಬೆಲೆ 10,000 ಯೂರೋ! ಹತ್ತು ಸಾವಿರ ಅಂತಲೇ ಓದಿ, ಮುದ್ರಣ ದೋಷ ಅಲ್ಲ. ಆ ಬೆಲೆಗೆ ಕೊಡಲಿಲ್ಲ ಅನ್ನಿ, ಮರುವರ್ಷ 5 ಕೋಟಿ 60 ಲಕ್ಷ ಯೂರೋ ಆಸುಪಾಸಿಗೆ ಮಾರಾಟ ಆಯಿತು.

ಇನ್ನೊಂದು ಶ್ರೀಲಂಕಾದ ಮತ್ತಲ. ಆಗಿನ ಅಧ್ಯಕ್ಷ ಮಹಿಂದ ರಾಜಪಕ್ಸ ಅವರ ತವರು ಜಿಲ್ಲೆ, ಅವರದೇ ಹೆಸರು, ಚೀನಾದ ಸಾಲ. 2013ರ ಮಾರ್ಚ್‌ನಲ್ಲಿ ತೆರೆದರು. ವರ್ಷಕ್ಕೆ 10 ಲಕ್ಷ ಜನರನ್ನು ನಿಭಾಯಿಸುವ ಟರ್ಮಿನಲ್. ಜನ ಬರಲಿಲ್ಲ, ಕಾಡುಪ್ರಾಣಿ ಬಂದವು. ಸುತ್ತ ಆನೆ ಓಡಾಡುವ ಕಾಡು, ವಲಸೆ ಹಕ್ಕಿಗಳ ದಾರಿ. 2015ರಲ್ಲಿ ಅಧಿಕಾರ ಬದಲಾಗುತ್ತಲೇ ಶ್ರೀಲಂಕನ್ ಏರ್‌ಲೈನ್ಸ್ ಕಾಲು ಕಿತ್ತಿತು. ಸರಕು ಗೋದಾಮಿನಲ್ಲಿ ಭತ್ತ ತುಂಬಿಟ್ಟರು. 2016ರಲ್ಲಿ ಪ್ರಾಣಿಗಳನ್ನು ಓಡಿಸಲು ಮುನ್ನೂರಕ್ಕೂ ಹೆಚ್ಚು ಸೈನಿಕರು, ಪೊಲೀಸರು ಪಟಾಕಿ ಹಿಡಿದು ಇಳಿಯಬೇಕಾಯಿತು.

ನಾಕ್‌ನಲ್ಲಿ ಹೋಗಿ ಬರುವ ಜನ ಮೊದಲೇ ಇದ್ದರು, ಹಡಗಿನಲ್ಲಿ, ರೈಲಿನಲ್ಲಿ ಎರಡು ದಿನ ಒದ್ದಾಡಿಕೊಂಡು ಬರುತ್ತಿದ್ದರು. ಅವರಿಗೆ ಒಂದು ರನ್‌ವೇ ಬೇಕಿತ್ತು. ಉಳಿದ ಎರಡು ಕಡೆ ರನ್‌ವೇಗೆ ಜನ ಬೇಕಿತ್ತು.

ಪ್ರಶ್ನೆ: ರನ್‌ವೇ ಮೇಲೆ ರಸ್ತೆ ಹಾದುಹೋಗುವ ನಿಲ್ದಾಣ ಇದೆಯಂತೆ?

ಉತ್ತರ: ಜಿಬ್ರಾಲ್ಟರ್. ಊರಿಗೆ ಬರುವ ಮುಖ್ಯ ರಸ್ತೆಯೇ ರನ್‌ವೇಯನ್ನು ಅಡ್ಡ ಹಾಯುತ್ತಿತ್ತು. ವಿಮಾನ ಬಂದಾಗ ರೈಲ್ವೆ ಗೇಟಿನ ಹಾಗೆ ಗೇಟು ಹಾಕುತ್ತಿದ್ದರು. 2023ರ ಮಾರ್ಚ್ ಕೊನೆಗೆ ಸುರಂಗ ರಸ್ತೆ ತೆರೆದ ಮೇಲೆ ವಾಹನಗಳು ಅದರಲ್ಲಿ ಹೋಗುತ್ತವೆ.

ಪ್ರಶ್ನೆ: ಚಿಕ್ಕ ಊರಿಗೆ ದೊಡ್ಡ ರನ್‌ವೇ ಇದ್ದರೆ ಆ ಊರಿಗಲ್ಲದೆ ಬೇರೆಯವರಿಗೆ ಏನಾದರೂ ಉಪಯೋಗ ಇದೆಯಾ?

ಉತ್ತರ: ಕೆನಡಾದ ಗ್ಯಾಂಡರ್ ಕೇಳಿ. ಶಾನನ್ ಸಾಗರದ ಈ ಅಂಚಾದರೆ ಗ್ಯಾಂಡರ್ ಆ ಅಂಚು. ಅದೂ ಇಂಧನಕ್ಕೆ ನಿಲ್ಲುವ ಜಾಗವಾಗಿ ಬೆಳೆದದ್ದು, ಅದೂ ಜೆಟ್ ಬಂದ ಮೇಲೆ ಖಾಲಿಯಾದದ್ದು. ಸುಮಾರು 10,000 ಜನರ ಊರು. 2001ರ ಸೆಪ್ಟೆಂಬರ್ 11ರಂದು ಅಮೆರಿಕ ತನ್ನ ಆಕಾಶ ಮುಚ್ಚಿತಲ್ಲ, ಆಗ ಸಾಗರದ ಮೇಲಿದ್ದ ವಿಮಾನಗಳು ಎಲ್ಲಿ ಇಳಿಯಬೇಕು? 38 ದೊಡ್ಡ ವಿಮಾನಗಳು ಗ್ಯಾಂಡರ್‌ನಲ್ಲಿ ಇಳಿದವು. 6,500ಕ್ಕೂ ಹೆಚ್ಚು ಜನ. ಊರಿನವರು ಶಾಲೆ, ಚರ್ಚು, ಮನೆ ಎಲ್ಲ ಬಿಟ್ಟುಕೊಟ್ಟರು. ಈಗಲೂ ಎರಡು ಎಂಜಿನ್ ವಿಮಾನ ಸಾಗರ ದಾಟುವಾಗ, ಒಂದು ಎಂಜಿನ್ ಕೈಕೊಟ್ಟರೆ ಎಲ್ಲಿ ಇಳಿಯೋದು ಅಂತ ಮೊದಲೇ ಊರು ಗುರುತು ಮಾಡಿಟ್ಟುಕೊಂಡೇ ಹೊರಡುತ್ತೆ. ಯಾರೂ ಟಿಕೆಟ್ ತಗೊಳ್ಳದ ಎಷ್ಟೋ ಊರುಗಳು ಆ ಪಟ್ಟಿಯಲ್ಲಿರುತ್ತವೆ.

ಪ್ರಶ್ನೆ: ಟವರ್‌ನಲ್ಲಿ ಮನುಷ್ಯರೇ ಇಲ್ಲದ ನಿಲ್ದಾಣ ಬಂದಿದೆ ಅಂತ ಓದಿದೆ. ಭಯ ಆಗಲ್ವಾ?

ಉತ್ತರ: ಮನುಷ್ಯರಿದ್ದಾರೆ, ಬೇರೆ ಊರಲ್ಲಿ ಕೂತಿದ್ದಾರೆ. 2015ರಲ್ಲಿ ಸ್ವೀಡನ್ನಿನ ಅರ್ನ್‌ಶೋಲ್ಡ್ಸ್‌ವಿಕ್ ಅನ್ನೋ ಪುಟ್ಟ ನಿಲ್ದಾಣದಲ್ಲಿ ಮೊದಲು ಶುರುವಾಯಿತು. ಹೆಸರು ಉಚ್ಚರಿಸುವುದರೊಳಗೆ ವಿಮಾನ ಇಳಿದಿರುತ್ತೆ. ಕಂಬದ ಮೇಲೆ ಕ್ಯಾಮೆರಾಗಳು, ನೂರಾರು ಕಿ.ಮೀ. ಅಲ್ಲದಿದ್ದರೂ ಸಾಕಷ್ಟು ದೂರದ ಸುಂಡ್ಸ್‌ವಾಲ್‌ನಲ್ಲಿ ಪರದೆಗಳ ಮುಂದೆ ನಿಯಂತ್ರಕರು. ಲಂಡನ್ ಸಿಟಿ ನಿಲ್ದಾಣವೂ 2021ರಿಂದ ಹೀಗೇ. ಬರೀ ಕಣ್ಣಿಗೆ ಕಾಣದ್ದೂ ಕ್ಯಾಮೆರಾಗೆ ಕಾಣುತ್ತೆ ಅನ್ನೋದು ಒಂದು ಲಾಭ. ಒಂಟಿಯಾಗಿ ಒಂದು ಟವರ್ ನಡೆಸುವ ಖರ್ಚು ಉಳಿಯೋದು ಇನ್ನೊಂದು. ನನಗೆ ಭಯ ಇಲ್ಲ. ಆದರೆ ಡ್ಯೂಟಿ ಮುಗಿಸಿ ಟವರ್ ಮೆಟ್ಟಿಲು ಇಳಿದು ಬಂದು ನಮ್ಮ ಜೊತೆ ಹರಟುತ್ತಿದ್ದ ಕಂಟ್ರೋಲರ್ ನೆನಪಾಗುತ್ತಾರೆ.

ಪ್ರಶ್ನೆ: ಆ ಐರಿಷ್ ಪಾದ್ರಿಗೆ ತಾವು ಕಟ್ಟಿದ ನಿಲ್ದಾಣ ನಡೆಯುವುದನ್ನು ನೋಡುವ ಭಾಗ್ಯ ಎಷ್ಟು ದಿನ ಸಿಕ್ಕಿತು? (ಮೊದಲು ಸುಳ್ಳು ತಾನೇ ಅಂತ ಕೇಳಿದವರಿಗೆ ಫೋನಿನಲ್ಲಿ ಕಥೆ ಹೇಳಿದ್ದೆ. ಅವರದೇ ಇನ್ನೊಂದು ಪ್ರಶ್ನೆ ಇದು.)

ಉತ್ತರ: ಉದ್ಘಾಟನೆ ಆದಮೇಲೆ ಬರೀ ಎರಡು ತಿಂಗಳು. ಹೋರನ್ ಯಾತ್ರೆಗೆ ಅಂತ ಫ್ರಾನ್ಸಿನ ಲೂರ್ಡ್‌ಗೆ ಹೋಗಿದ್ದರು. 1986ರ ಆಗಸ್ಟ್ 1ರಂದು ಅಲ್ಲೇ ತೀರಿಕೊಂಡರು. ದೇಹವನ್ನು ವಿಮಾನದಲ್ಲಿ ತಂದರು, ಆ ವಿಮಾನ ಇಳಿದದ್ದು ಮಂಜಿನ ಗುಡ್ಡದ ಅದೇ ರನ್‌ವೇ ಮೇಲೆ.